ಟವಲಿನ ಕೆಳಗಿನ ಕೈ

ಕುರಿ ಕೊಳ್ಳಲು ಹೋಗುವವರಿಗೆ ನಾನು ಮೊದಲು ಹೇಳುವ ಮಾತು: ಹೊಟ್ಟೆ ನೋಡಿ ಮರುಳಾಗಬೇಡಿ. ಸಂತೆಗೆ ಹೊಡೆದುಕೊಂಡು ಬರುವ ಮುಂಚೆ ಉಪ್ಪು ನೆಕ್ಕಿಸಿ ನೀರು ಕುಡಿಸಿರುತ್ತಾರೆ, ಬಡಕಲು ಕುರಿಯೂ ತುಂಬಿಕೊಂಡು ಕಾಣುತ್ತದೆ. ಬೆನ್ನ ಮೇಲೆ ಕೈ ಇಡಿ. ಸೊಂಟದ ಹತ್ತಿರ ಮೂಳೆ ಬೆರಳಿಗೆ ಚುಚ್ಚಿದರೆ ಒಂದು ಬೆಲೆ, ಮಾಂಸದಲ್ಲಿ ಮುಳುಗಿದ್ದರೆ ಇನ್ನೊಂದು ಬೆಲೆ. ಆಮೇಲೆ ಹಲ್ಲು ನೋಡಿ. ಇಷ್ಟು ತಿಳಿದವನಿಗೆ ಯಾರೂ ಟೋಪಿ ಹಾಕಲಾರರು. ನಾನು ಕಲಿತದ್ದೂ ಇಷ್ಟೇ, ಇದರಲ್ಲೇ ಮನೆ ಕಟ್ಟಿದೆ, ಮಗಳನ್ನು ಓದಿಸಿದೆ.

ನಮ್ಮಲ್ಲಿ ಬೆಲೆ ಹೇಳುವುದೂ ಬೆರಳೇ. ಕೊಡುವವನೂ ಕೊಳ್ಳುವವನೂ ಎದುರುಬದುರು ನಿಂತು ಬಲಗೈ ಚಾಚುತ್ತಾರೆ. ಎರಡೂ ಕೈ ಮುಚ್ಚುವ ಹಾಗೆ ಮೇಲೊಂದು ಟವಲು. ಒಳಗೆ ಎಷ್ಟು ಬೆರಳು ಹಿಡಿದರೋ ಅಷ್ಟು ನೂರು. ಐದರ ಮೇಲಾದರೆ ಇಡೀ ಕೈಯನ್ನು ಒಮ್ಮೆ ಹಿಡಿದು ಬಿಟ್ಟು ಮತ್ತೆ ಎಣಿಸಬೇಕು. ಗೆಣ್ಣು ಅದುಮಿದರೆ ಐವತ್ತು. ಅಂಗೈಯನ್ನು ಉಗುರಿನಿಂದ ಗೀರಿದರೆ ಸಾಲದು ಅಂತ. ಮುಖದ ಮೇಲೆ ಏನೂ ತೋರಬಾರದು. ಬಾಯಲ್ಲಿ ಮಳೆ ಬಂತಾ, ಮಗಳ ಮದುವೆ ಆಯ್ತಾ ಅಂತ ಮಾತು ನಡೆದೇ ಇರಬೇಕು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಬೆಲೆ ಮೂರನೆಯವನಿಗೆ ಗೊತ್ತಾಗುವುದಿಲ್ಲ. ಅದರಿಂದ ಮಾರುವವನಿಗೆ ಅನುಕೂಲ. ಒಬ್ಬನ ಕೈ ಬಿಟ್ಟು ಇನ್ನೊಬ್ಬನ ಕೈ ಹಿಡಿಯುತ್ತಾ ಹೋಗಿ, ಯಾರು ಹೆಚ್ಚು ಕೊಟ್ಟರೋ ಅವರಿಗೆ ತಲೆಯಾಡಿಸಬಹುದು.

ಸಂತೆ ಯಾವುದು ಅಂತ ಮಾತ್ರ ಕೇಳಬೇಡಿ. ಅಲ್ಲಿ ನಾನಿನ್ನೂ ವ್ಯಾಪಾರ ಮಾಡಬೇಕು. ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮುರು ಈ ಸುತ್ತಿನಲ್ಲಿ ಯಾವುದೋ ಒಂದು ಅಂದುಕೊಳ್ಳಿ.

ಈ ಬೆರಳಿನ ಲೆಕ್ಕವನ್ನು ನಾನು ಇಬ್ಬರಿಗೆ ಕಲಿಸಿದ್ದೇನೆ. ಒಬ್ಬಳು ನನ್ನ ಮಗಳು. ಅವಳಿಗೆ ಐದು ವರ್ಷವಿದ್ದಾಗ ಪೆಪ್ಪರಮೆಂಟಿನ ಕಾಸಿಗೆ ಕಲಿಸಿದ್ದು, ಹೈಸ್ಕೂಲಿಗೆ ಹೋದರೂ ಬಿಡಲಿಲ್ಲ. ಬೆಳಿಗ್ಗೆ ಯೂನಿಫಾರಂ ವೇಲನ್ನು ನನ್ನ ಕೈಯ ಮೇಲೆ ಹಾಕಿ, ಒಳಗೆ ಒಂದು ಬೆರಳು ಹಿಡಿದು ಗೆಣ್ಣು ಅದುಮುತ್ತಿದ್ದಳು. ಅವಳ ಲೆಕ್ಕದಲ್ಲಿ ಬೆರಳಿಗೆ ಹತ್ತು ರೂಪಾಯಿ, ಗೆಣ್ಣಿಗೆ ಐದು. ನಾನು ಅಂಗೈ ಗೀರುತ್ತಿದ್ದೆ. ಅವಳು ಮುಖ ಅತ್ತ ಮಾಡಿಕೊಂಡು, "ಅಬ್ಬಾ, ಇವತ್ತು ಬಿಸಿಲು ಜಾಸ್ತಿ ಅಲ್ವಾ?" ಅನ್ನುತ್ತಿದ್ದಳು, ಥೇಟ್ ಸಂತೆಯ ಮುದುಕರ ಹಾಗೆ. "ಹೆಣ್ಣು ಮಗೂನ ದಲ್ಲಾಳಿ ಮಾಡಿ ಕೂರಿಸ್ರಿ," ಅಂತ ಹೆಂಡತಿ ಒಲೆಯ ಮುಂದಿನಿಂದ ಬೈಯುತ್ತಿದ್ದಳು.

ಇನ್ನೊಬ್ಬ, ಚಳ್ಳಕೆರೆಯ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಜೊತೆ ಕೊನೆಯ ಬೆಂಚಿನಲ್ಲಿ ಕೂತವನು. ನನ್ನಿವಾಳದ ಕಡೆಯ ಹಳ್ಳಿಯೊಂದರ, ಊರಾಚೆಯ ಕೇರಿಯ ಹುಡುಗ. ನಾನು ಪೇಟೆಯ ಸಾಬರ ಹುಡುಗ, ಅಪ್ಪ ಲಾರಿ ಮೆಕ್ಯಾನಿಕ್ಕು. ನಮ್ಮನ್ನು ಕೊನೆಯ ಬೆಂಚಿಗೆ ಹೋಗಿ ಅಂತ ಯಾರೂ ಹೇಳಲಿಲ್ಲ. ಮುಂದಿನ ಬೆಂಚುಗಳು ತುಂಬುತ್ತಾ ಬಂದವು, ಉಳಿದದ್ದು ಅದು.

ಸಂತೆಯಲ್ಲಿ ಓಡಾಡುತ್ತಿದ್ದ ನನ್ನ ಸೋದರಮಾವನಿಂದ ನಾನು ಬೆರಳಿನ ಲೆಕ್ಕ ಕಲಿತಿದ್ದೆ. ಅದನ್ನು ಅವನಿಗೆ ಕಲಿಸಿದೆ. ಅವನು ಅದಕ್ಕೆ ಬದಲು ಗಣಿತದ ಉತ್ತರ ಕೊಟ್ಟ. ಟೆಸ್ಟಿನ ದಿನ ಬೆಂಚಿನ ಕೆಳಗೆ ನನ್ನ ಎಡಗೈ, ಅವನ ಬಲಗೈ. ಹೊರಗೆ ಬಂದ ಮೇಲೆ ಬೈಗುಳ.

"ಲೇ, ನಿನ್ ಕೈ ಬೆವರ್ತೈತೆ. ನಾಲ್ಕು ಹಿಡಿದ್ರೆ ಮೂರು ಬರ್ಕಂತೀಯ."

"ನೀನು ಮೆತ್ತಗೆ ಹಿಡಿದ್ರೆ ನಾನೇನ್ ಮಾಡ್ಲಲೇ? ಕುರಿ ಹಿಡಿದಂಗೆ ಹಿಡಿ."

"ಕುರಿಗಾದ್ರೂ ಲೆಕ್ಕ ಬರ್ತಿತ್ತು."

ಪಬ್ಲಿಕ್ ಪರೀಕ್ಷೆಯಲ್ಲಿ ಇಬ್ಬರಿಗೂ ಬೇರೆ ಬೇರೆ ರೂಮು ಬಿತ್ತು. ಅವನು ಫಸ್ಟ್ ಕ್ಲಾಸು, ನಾನು ಗಣಿತದಲ್ಲಿ ಡುಮ್ಕಿ. ಫಲಿತಾಂಶ ಬಂದ ದಿನ ಅವನ ಮನೆಗೆ ಹೋಗಿದ್ದೆ. ಅವನ ಅವ್ವ, ಪಾಸಾದವನಿಗೂ ಫೇಲಾದವನಿಗೂ ಒಂದೇ ಅಳತೆಯ ಮುದ್ದೆ ಬಡಿಸಿದಳು. "ಲೆಕ್ಕ ಬರದಿದ್ರೇನಪ್ಪ, ಬಾಯಿ ಐತಲ್ಲ, ಬದುಕ್ಕಂತೀಯ," ಅಂದಳು. ಅವಳ ಹತ್ತಿರ ಆಗ ನಾಲ್ಕು ಕುರಿಗಳಿದ್ದವು.

ಆಮೇಲೆ ನಾನು ಸಂತೆಗೆ ಇಳಿದೆ. ಎರಡು ಮರಿ ಕೊಂಡು, ಮೇಯಿಸಿ, ಮಾರಿ, ನಾಲ್ಕು ಕೊಂಡು ಹಾಗೆ ಶುರು ಮಾಡಿದವನು. ಜನ ನನ್ನ ಕೈ ಹಿಡಿಯುವುದಕ್ಕೆ ಮೂರು ವರ್ಷ ಬೇಕಾಯಿತು. ಕುರಿ ನೋಡಲು ಹಳ್ಳಿಗಳಿಗೆ ಹೋದರೆ, ಬೊಗಸೆಗೆ ಮೇಲಿಂದ ನೀರು ಹುಯ್ಯುವ ಮನೆಗಳಿದ್ದವು. ಅದೇ ಮನೆಯ ಯಜಮಾನ ಸಂತೆಯಲ್ಲಿ ಟವಲು ಹಾಸಿ ನನ್ನ ಬೆರಳು ಹಿಡಿದ ದಿನ, ನಾನು ಗೆದ್ದೆ ಅಂದುಕೊಂಡಿದ್ದೆ. ಅಪ್ಪನಿಗೆ ಹೇಳಿದ್ದೆ ಕೂಡ.

ಆ ಸಂತೆಯಲ್ಲಿ ಇನ್ನೊಂದು ರೂಢಿ ಇತ್ತು. ಕೇರಿಯವರು ಕುರಿ ತಂದರೆ ಟವಲು ಹೊರಗೆ ಬರುತ್ತಿರಲಿಲ್ಲ. ಅವರ ಬೆಲೆಯನ್ನು ಬಾಯಲ್ಲೇ ಹೇಳಬೇಕು, ಬಾಯಲ್ಲೇ ಕೇಳಬೇಕು. ಬಾಯಿ ವ್ಯಾಪಾರ ಅನ್ನುತ್ತಿದ್ದರು. ಮೈಲಿಗೆ ಅನ್ನುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. "ಅವ್ರಿಗೆ ಬೆರಳು ಲೆಕ್ಕ ಬರಲ್ಲಪ್ಪ," ಅಷ್ಟೇ. ಒಬ್ಬ ಏಳುನೂರು ಅಂದದ್ದು ಸಂತೆಗೆಲ್ಲ ಕೇಳಿಸುತ್ತಿತ್ತು. ಎರಡನೆಯವನು ಬಂದು ಆರೂವರೆ ಅನ್ನುತ್ತಿದ್ದ, ಮೂರನೆಯವನು ಆರು. ಕೊಳ್ಳುವವರೆಲ್ಲ ಒಂದಾಗುವುದಕ್ಕೆ ಒಂದು ಕೆಮ್ಮು ಸಾಕಿತ್ತು. ಹೊತ್ತು ಇಳಿದ ಮೇಲೆ ಐದೂವರೆಗೆ ಬಿಟ್ಟುಕೊಟ್ಟು ಹೋಗುತ್ತಿದ್ದರು. ನಾನೂ ಹಾಗೆ ಕೊಂಡಿದ್ದೇನೆ. ಲಾಭವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹೊಸದಾಗಿ ಮದುವೆಯಾಗಿತ್ತು. ಆ ಕೊನೆಯ ಬೆಂಚಿನ ಗೆಳೆಯ ಪಿಯುಸಿ ಮುಗಿಸಿ, ಮೇಷ್ಟ್ರ ಟ್ರೈನಿಂಗಿಗೆ ಅರ್ಜಿ ಹಾಕಿ, ಸೀಟು ಸಿಗದೆ ಮನೆಯಲ್ಲಿದ್ದ. ಅವ್ವನ ನಾಲ್ಕು ಕುರಿಗಳು ಹದಿನಾಲ್ಕಾಗಿದ್ದವು. ಸಂತೆಯ ಹಿಂದಿನ ದಿನ ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಚಳ್ಳಕೆರೆ ಪೇಟೆಯಲ್ಲಿ ಕೊಂಡ ಬಿಳಿ ಟವಲು ಹೆಗಲ ಮೇಲಿತ್ತು, ಗಂಜಿ ಇನ್ನೂ ಹೋಗಿರಲಿಲ್ಲ.

"ನಾಳೆ ಸಂತೆಗೆ ಬರ್ತೀನಿ ಕಣಲೇ," ಅಂದ. "ಬಾಯಿ ವ್ಯಾಪಾರ ಮಾಡಲ್ಲ. ಮೊದಲ ಕೈ ನಿಂದೇ. ನೀನು ಹಿಡಿದ್ರೆ ಆಮೇಲೆ ಇನ್ನೊಬ್ಬ ಹಿಡೀತಾನೆ. ಒಬ್ಬ ಶುರು ಮಾಡ್ಬೇಕು ಅಷ್ಟೇ. ಈ ಸಲ ನಾನು ಮಾರೋನು, ಮುಂದಿನ ಸಲ ಕೊಳ್ಳೋನು. ಇಬ್ರೂ ಸೇರಿ ವ್ಯಾಪಾರ ಮಾಡಾಣ."

ನನಗೆ ಗೊತ್ತಿತ್ತು, ಆಗುವ ಮಾತಲ್ಲ ಅಂತ. ಆಗಲೇ ಹೇಳಬಹುದಿತ್ತು. ಇಬ್ಬರೇ ಇದ್ದೆವು, ಕೇಳುವವರು ಯಾರೂ ಇರಲಿಲ್ಲ. ನಾನು, "ಬಾರೋ, ನೋಡಾಣ," ಅಂದೆ. ಓದುವವರಲ್ಲಿ ವಯಸ್ಸಿನ ಹುಡುಗರಿದ್ದರೆ ಇದೊಂದು ಮಾತು ಇಟ್ಟುಕೊಳ್ಳಿ: ಹಿಡಿಯುವ ಧೈರ್ಯ ಇಲ್ಲದ ಕೈಗೆ ಹಿಂದಿನ ದಿನ ಹೂಂ ಅನ್ನಬೇಡಿ. ಆ ಹೂಂ ನಂಬಿಕೊಂಡು ಒಬ್ಬ ಮನುಷ್ಯ ಹೊಸ ಟವಲು ಕೊಂಡಿರುತ್ತಾನೆ.

ಮರುದಿನ ಅವನೂ ಅವ್ವನೂ ಕುರಿ ಹೊಡೆದುಕೊಂಡು ಬಂದರು. ಉಪ್ಪು ನೆಕ್ಕಿಸಿರಲಿಲ್ಲ, ಬೆನ್ನು ಮುಟ್ಟಿದರೆ ಗೊತ್ತಾಗುತ್ತಿತ್ತು, ಒಳ್ಳೆಯ ಮಾಲು. ಅವನು ಸಂತೆಯ ನಡುವೆ ನಿಂತು ನನ್ನನ್ನು ಕೂಗಿದ.

"ಲೇ, ಬಾರ್ಲೇ ಇಲ್ಲಿ!"

ಹೋದೆ. ಅವನು ಬಲಗೈ ಚಾಚಿ ಅದರ ಮೇಲೆ ಟವಲು ಇಳಿಬಿಟ್ಟ. ಅಕ್ಕಪಕ್ಕದ ಮಾತು ನಿಂತಿತು. ಸಂತೆಯ ಹಿರಿಯ ದಲ್ಲಾಳಿ, ನಾವೆಲ್ಲ ಅಜ್ಜ ಅನ್ನುತ್ತಿದ್ದವರು, ಬೇವಿನ ಮರದ ಬುಡದಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದರು. ಎದ್ದು ಬಂದರು.

"ಏನ್ ಸಾಬಿ, ಇವತ್ತಿಂದ ಹೊಸ ಪದ್ಧತಿನಾ?"

ಯಾರೋ ನಕ್ಕರು. "ಬೆರಳು ಲೆಕ್ಕ ಬರಬೇಕಲ್ಲಜ್ಜ ಅದಕ್ಕೆ," ಅಂದರು ಇನ್ನಾರೋ.

"ನನಗೆ ಬರ್ತೈತಜ್ಜ," ಅಂದ ಅವನು. ಧ್ವನಿಯಲ್ಲಿ ಜಗಳ ಇರಲಿಲ್ಲ, ಖುಷಿಯಿತ್ತು. "ಇವನೇ ಕಲಿಸಿದ್ದು ನನಗೆ, ಇಸ್ಕೂಲಲ್ಲಿ. ಕೇಳ್ರಿ ಬೇಕಾದ್ರೆ."

ಅಜ್ಜ ನನ್ನ ಕಡೆ ತಿರುಗಿದರು. "ಹೌದೇನೋ?"

"ಹುಡುಗಾಟಕ್ಕೆ ಏನೋ ಮಾಡ್ತಿದ್ವಿ ಅಜ್ಜಾರೆ," ಅಂದೆ.

"ಹುಡುಗಾಟ ಹುಡುಗ್ರಿಗೆ. ಇದು ಸಂತೆ. ನಿನ್ನಿಷ್ಟಪ್ಪ, ನಾನೇನ್ ಬೇಡ ಅನ್ನಲ್ಲ. ಆ ಟವಲೊಳಗೆ ಹೋದ ಕೈ ಆಮೇಲೆ ನಮ್ ಟವಲಿಗೆ ಬರಬಾರ್ದು, ಅಷ್ಟೇಯ."

ಅವರು ಬೈದಿದ್ದರೆ ಸುಲಭವಾಗುತ್ತಿತ್ತೇನೋ. ಮಗನಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದು ಕಡೆ ಈ ಒಂದು ಕೈ. ಇನ್ನೊಂದು ಕಡೆ ಮೂರು ವರ್ಷದಲ್ಲಿ ಗಳಿಸಿದ ನಲವತ್ತು ಐವತ್ತು ಕೈ. ನನ್ನ ಲೆಕ್ಕ ಯಾವತ್ತೂ ದಡ್ಡ ಲೆಕ್ಕ, ಆದರೆ ಅವತ್ತು ಬಹಳ ಬೇಗ ಬಂತು.

"ಬಾಯಲ್ಲೇ ಹೇಳೋ," ಅಂದೆ. "ನಿನಗೆ ನಾನು ಮೋಸ ಮಾಡ್ತೀನಾ? ಸುತ್ತ ಜನ ನೋಡ್ತಾವ್ರೆ."

ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಟವಲಿನ ಮೇಲೆ ಐದು ಬೆರಳಿನ ಉಬ್ಬು ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಾ ಜೋರಾಗಿ ಕೂಗಿದೆ, "ಒಂದಕ್ಕೆ ಒಂಬೈನೂರು! ಹದಿನಾಲ್ಕಕ್ಕೂ ಒಂದೇ ರೇಟು." ಅವತ್ತು ಆ ಸಂತೆಯಲ್ಲಿ ಟವಲಿನ ಕೆಳಗೂ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ಜನ ಹೋ ಅಂದರು. ಅಜ್ಜ ನಗುತ್ತಾ ಮರದ ಬುಡಕ್ಕೆ ಹೋದರು. ಅವ್ವ ಎರಡೂ ಕೈ ಎತ್ತಿ ನನಗೆ ಮುಗಿದಳು.

"ಒಳ್ಳೆ ರೇಟು ಕೊಟ್ಟೆ ಕಣಪ್ಪ. ನಿನ್ ಹೊಟ್ಟೆ ತಣ್ಣಗಿರ್ಲಿ."

ನಾನು ನೋಟು ಎಣಿಸಿ ಕೊಡಲು ಹೋದೆ. ಆಗ ಅವನು ಟವಲನ್ನು ಎರಡೂ ಕೈಯಲ್ಲಿ ಅಗಲಿಸಿ ನನ್ನ ಮುಂದೆ ಚಾಚಿದ. ಅವನ ತಾತಂದಿರು ಊರೊಳಗಿನ ಮನೆಗಳ ಮುಂದೆ ಕಾಳು ಈಸಿಕೊಳ್ಳಲು ಹಾಗೆ ಚಾಚುತ್ತಿದ್ದರು ಅಂತ ಅವನೇ ಒಮ್ಮೆ ನನಗೆ ಹೇಳಿದ್ದ.

"ಕೈಗೆ ಬೇಡ," ಅಂದ. "ಇದಕ್ಕೆ ಹಾಕು."

ಹಾಕಿದೆ. ಆ ಕುರಿಗಳಲ್ಲಿ ನನಗೆ ನಷ್ಟವಾಯಿತು. ಎಷ್ಟೋ ವರ್ಷ, ಆ ದಿನದ ನೆನಪು ಬಂದಾಗಲೆಲ್ಲ ನನಗೆ ನಾನೇ ಆ ನಷ್ಟವನ್ನು ತೋರಿಸಿಕೊಂಡಿದ್ದೇನೆ. ಅವನು ಮತ್ತೆ ಸಂತೆಗೆ ಬರಲಿಲ್ಲ. ಮರುವರ್ಷ ಟ್ರೈನಿಂಗಿಗೆ ಸೀಟು ಸಿಕ್ಕಿತಂತೆ, ಆಮೇಲೆ ಮೊಳಕಾಲ್ಮುರು ಕಡೆ ಮೇಷ್ಟ್ರಾದನಂತೆ. ಬೇರೆಯವರ ಬಾಯಲ್ಲಿ ಕೇಳಿದೆ.

ಹದಿನೈದು ವರ್ಷ ಕಳೆದವು. ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಹತ್ತಿರ ಬಾಡಿಗೆ ಮನೆ ಮಾಡೋಣ, ನಮ್ಮ ಮನೆ ಬಾಡಿಗೆಗೆ ಕೊಡೋಣ, ಅವಳು ಓಡಾಡುವುದು ತಪ್ಪುತ್ತದೆ ಅಂತ ಹುಡುಕಿದೆ. ಅವಳನ್ನೂ ಕರೆದುಕೊಂಡು ಹೋಗಿದ್ದೆ. ಒಂದು ಮನೆ ಅವಳಿಗೆ ಬಹಳ ಹಿಡಿಸಿತು, ಕಿಟಕಿಯ ಪಕ್ಕ ಓದುವ ಟೇಬಲ್ ಎಲ್ಲಿ ಅಂತಲೂ ನೋಡಿಕೊಂಡಳು. ಮಾಲೀಕರು ನನ್ನ ಹೆಸರು ಕೇಳಿದ ಮೇಲೆ ತಲೆ ಕೆರೆದುಕೊಂಡರು. ಅಡ್ವಾನ್ಸ್ ಹೆಚ್ಚಿಗೆ ಕೊಡುತ್ತೇನೆ ಅಂದೆ.

"ದುಡ್ಡಿನ ಮಾತಲ್ಲ ಸಾಬ್ರೆ. ನೀವು ಒಳ್ಳೇರು, ನಂಗೊತ್ತು. ಅಕ್ಕಪಕ್ಕದ ಜನ ಐತಲ್ಲ."

ಮನೆ ಬದಲಾಯಿಸಲಿಲ್ಲ. ಮಗಳು ದಿನವೂ ಶೇರ್ ಆಟೋದಲ್ಲಿ ಶಾಲೆಗೆ ಹೋಗತೊಡಗಿದಳು. ಬೆಳಿಗ್ಗೆ ವೇಲಿನ ಕೆಳಗೆ ಕೇಳುತ್ತಿದ್ದದ್ದು ಆ ಆಟೋ ಚಾರ್ಜು.

ಒಂದು ಭಾನುವಾರ ಅವಳು ಒಂದು ತೆಳ್ಳಗಿನ ಪುಸ್ತಕ ಹಿಡಿದುಕೊಂಡು ಓಡಿ ಬಂದಳು. ಹೈಸ್ಕೂಲು ಮಕ್ಕಳಿಗೆ ಅಂತಲೇ ಬರೆದ ಕಾದಂಬರಿ, ಕನ್ನಡ ಟೀಚರ್ ಕೊಟ್ಟದ್ದು. ಶನಿವಾರ ಪ್ರಾರ್ಥನೆಯ ಹೊತ್ತಿನಲ್ಲಿ ಅವಳು ಅದರ ಬಗ್ಗೆ ಮಾತಾಡಬೇಕಿತ್ತು. ನಾವು ಮನೆಯಲ್ಲಿ ಉರ್ದು ಆಡುವವರು, ಆದರೆ ಪುಸ್ತಕದ ವಿಷಯ ಬಂದರೆ ಅವಳಿಗೆ ಕನ್ನಡವೇ ಬಾಯಿಗೆ ಬರುತ್ತದೆ.

"ಅಬ್ಬಾ, ಇದರಲ್ಲಿ ನಮ್ಮ ಬೆರಳಾಟ ಐತೆ!"

ಓದಿ ಹೇಳಿದಳು. ಇಬ್ಬರು ಹುಡುಗರು. ಒಬ್ಬ ಕೇರಿಯವನು, ಇನ್ನೊಬ್ಬ ಮೆಕ್ಯಾನಿಕ್ ಸಾಬರ ಮಗ. ಕೊನೆಯ ಬೆಂಚು, ಬೆವರುವ ಕೈ, ಮುದ್ದೆ, ಕುರಿ ಎಲ್ಲ ಇತ್ತು. ಬರೆದವರು ಮೊಳಕಾಲ್ಮುರು ತಾಲ್ಲೂಕಿನ ಮೇಷ್ಟ್ರು ಅಂತ ಹಿಂಬದಿಯಲ್ಲಿತ್ತು, ಸಣ್ಣ ಫೋಟೋ ಕೂಡ. ಕನ್ನಡಕ ಬಂದಿತ್ತು.

ಸಂತೆಯ ಅಧ್ಯಾಯಕ್ಕೆ ಬಂದಾಗ ನಾನು ನೀರು ಕುಡಿಯುವ ನೆಪದಲ್ಲಿ ಎದ್ದೆ. ಅವಳು ನನ್ನ ಹಿಂದೆಯೇ ಬಂದು ಓದಿದಳು. ಪುಸ್ತಕದಲ್ಲಿ ದಲ್ಲಾಳಿ ಅಜ್ಜ ಅದೇ ಮಾತು ಆಡುತ್ತಾರೆ. ಜನ ನಗುತ್ತಾರೆ. ಆಗ ಸಾಬರ ಹುಡುಗ ಅಂಗಿಯ ತೋಳು ಮಡಿಸಿ ಟವಲಿನ ಕೆಳಗೆ ಕೈ ಹಾಕುತ್ತಾನೆ. ಬೆಲೆ ಕುದುರಿದ ಮೇಲೂ ಬಿಡುವುದಿಲ್ಲ, ಹಿಡಿದುಕೊಂಡೇ ನಿಲ್ಲುತ್ತಾನೆ. ಟವಲು ಜಾರಿ ಕೆಳಗೆ ಬೀಳುತ್ತದೆ, ಎಲ್ಲರೂ ನೋಡುತ್ತಾರೆ.

ಮಗಳ ಕಣ್ಣಲ್ಲಿ ನೀರಿತ್ತು. "ಅಬ್ಬಾ, ಈ ಹುಡುಗ ನೀವೇ ಅಲ್ವಾ?"

ಆ ಬಾಡಿಗೆ ಮನೆಯಿಂದ ಬಂದ ಮೇಲೆ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

"ಹೂಂ," ಅಂದೆ. ಎರಡನೇ ಹೂಂ.

"ಶನಿವಾರ ಹೇಳ್ತೀನಿ. ಎಲ್ರ ಮುಂದೆ. ಈ ಹುಡುಗ ನಮ್ಮ ಅಬ್ಬಾ ಅಂತ."

ಗುರುವಾರ ನಾನು ಮೊಳಕಾಲ್ಮುರು ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ಆಂಧ್ರದ ಗಡಿಯ ಕಡೆ ಟೆಂಪೋದಲ್ಲಿ ಹೋಗಬೇಕು. ಶಾಲೆಯ ಅಂಗಳದಿಂದ ಜಟಿಂಗ ರಾಮೇಶ್ವರದ ಬೆಟ್ಟ ಕಾಣುತ್ತಿತ್ತು. "ಎವರು ಕಾವಾಲ?" ಅಂತ ಒಂದು ಹುಡುಗಿ ತೆಲುಗಿನಲ್ಲಿ ಯಾರು ಬೇಕೆಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಓಡಿ ಮೇಷ್ಟ್ರನ್ನು ಕರೆತಂದಳು.

ಅವನು ಬಾಗಿಲಲ್ಲಿ ಒಂದು ಕ್ಷಣ ನಿಂತ. ಕೈತುಂಬ ಸೀಮೆಸುಣ್ಣದ ಪುಡಿ.

"ಬನ್ರಿ," ಅಂದ. "ಕೂತ್ಕಳ್ರಿ. ಟೀ ತರಿಸ್ಲಾ?"

ಲೇ ಅನ್ನುತ್ತಾನೆ ಅಂತ ಬಸ್ಸಿನಲ್ಲಿ ಎಲ್ಲೋ ಒಂದು ಆಸೆ ಇಟ್ಟುಕೊಂಡಿದ್ದೆ. ಬೇಡ ಅಂದೆ. ಅವ್ವ ಹೇಗಿದ್ದಾಳೆ ಅಂತ ಕೇಳಿದೆ.

"ಅವ್ವ ಹೋಗಿ ನಾಲ್ಕು ವರ್ಷ ಆಯ್ತು. ಕೊನೇವರೆಗೂ ನಿಮ್ಮನ್ನ ನೆನೆಸೋಳು. ಒಳ್ಳೆ ರೇಟು ಕೊಟ್ಟ ಹುಡುಗ ಅಂತ."

ಹಿಂದಿನ ದಿನ ನಮ್ಮಿಬ್ಬರಲ್ಲಿ ಆದ ಮಾತನ್ನು ಅವ್ವನಿಗೆ ಅವನು ಹೇಳಿರಲಿಲ್ಲ. ಆ ಸಂತೆಯ ಸುದ್ದಿ ಅವಳಿಗೆ ಒಳ್ಳೆಯ ಸುದ್ದಿಯಾಗಿಯೇ ಉಳಿದಿತ್ತು. ನಾನು ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ.

"ಯಾಕೆ ಹಿಂಗೆ ಬರೆದೆ... ಬರೆದ್ರಿ?"

ಅವನು ಪುಸ್ತಕವನ್ನು ಮುಟ್ಟಲಿಲ್ಲ. "ಮೊದಲು ಆಗಿದ್ದಂಗೇ ಬರೆದಿದ್ದೆ. ನಮ್ಮ ಎಂಟನೇ ಕ್ಲಾಸಿನ ಮಕ್ಕಳಿಗೆ ಓದಿದೆ. ಕೇರಿ ಕಡೆ ಹುಡುಗ ಒಬ್ಬ ಎದ್ದು, 'ಸಾರ್, ಇದು ನಮಗೆ ಗೊತ್ತಿರೋದೇ ಅಲ್ವಾ, ಇದನ್ಯಾಕೆ ಬರೆದ್ರಿ' ಅಂದ. ಮನೆಗೆ ಬಂದು ಆ ಅಧ್ಯಾಯ ಹರಿದು ಹಾಕಿ ಬೇರೆ ಬರೆದೆ." ಕೈಯ ಸೀಮೆಸುಣ್ಣ ಕೊಡವಿಕೊಳ್ಳುತ್ತಾ ಸೇರಿಸಿದ, "ನಿಮಗೋಸ್ಕರ ಬರೆದಿದ್ದಲ್ಲ."

"ನನ್ನ ಮಗಳು ಅದು ನಾನೇ ಅಂದ್ಕೊಂಡಾಳೆ. ನಾನೂ ಹೂಂ ಅಂದೆ."

ಅವನು ಕಿಟಕಿಯ ಆಚೆ ಬೆಟ್ಟದ ಕಡೆ ನೋಡಿದ. "ಹಂಗೇ ಇರ್ಲಿ ಬಿಡ್ರಿ. ಯಾರು ಕೇಳಿದ್ರೂ ನಾನು ಇಲ್ಲ ಅನ್ನಲ್ಲ. ಮಗು ಸಂತೋಷವಾಗಿರ್ಲಿ."

ಚೌಕಾಸಿ ಮಾಡದೆ ಕೈಗೆ ಬಂದ ಮಾಲನ್ನು ನಾನು ಜೀವನದಲ್ಲಿ ಯಾವತ್ತೂ ನಂಬಿದವನಲ್ಲ. ಇದನ್ನು ಹೇಗೆ ತೂಗಬೇಕೋ ತಿಳಿಯಲಿಲ್ಲ. ತಪ್ಪಾಯಿತು ಅನ್ನಬೇಕಿತ್ತು, ಅದಕ್ಕೇ ಅಷ್ಟು ದೂರ ಬಂದದ್ದು. ಬಾಯಿ ಇದ್ದವನು ಬದುಕಿಕೊಳ್ಳುತ್ತಾನೆ ಅಂದಿದ್ದಳು ಅವ್ವ, ಆ ಬಾಯಿ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಎದ್ದು ನಿಂತು, ಬಲಗೈ ಚಾಚಿ, ಹೆಗಲ ಮೇಲಿನ ಟವಲನ್ನು ಅದರ ಮೇಲೆ ಹಾಕಿಕೊಂಡೆ.

ಅವನು ನೋಡಿದ. ಹೊರಗೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು. ಆಮೇಲೆ ಮೆಲ್ಲಗೆ ನನ್ನ ಕೈಯ ಮೇಲಿನ ಟವಲು ಎತ್ತಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲೆ ಪುಸ್ತಕದ ಪಕ್ಕ ಇಟ್ಟ. ಬರಿಗೈಯನ್ನು ಹಿಡಿದು ಕುಲುಕಿದ, ಶಾಲೆ ನೋಡಲು ಬಂದ ಸಾಹೇಬರ ಕೈ ಕುಲುಕುವ ಹಾಗೆ. ನಾನು ಬೆರಳು ಅದುಮಿ ಕಾದೆ. ಅವನ ಬೆರಳುಗಳು ಏನನ್ನೂ ಹೇಳಲಿಲ್ಲ.

"ಬೆಲ್ ಆಗ್ತೈತೆ," ಅಂದ. "ಬರ್ತೀನ್ರಿ."

ಶುಕ್ರವಾರ ಸಂಜೆ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಹಿಂದಿನ ದಿನದ ಹೂಂ, ಅಜ್ಜನ ಮಾತು, ಟವಲಿಗೆ ಹಾಕಿದ ನೋಟು, ಏನೂ ಬಿಡಲಿಲ್ಲ. ಅವಳು ಭಾಷಣ ಬರೆದಿದ್ದ ಹಾಳೆಯನ್ನು ಮಡಿಸುತ್ತಾ, ಬಿಚ್ಚುತ್ತಾ ಕೇಳಿಸಿಕೊಂಡಳು. ಮುಗಿದ ಮೇಲೆ ನಾನೇ ಅಂದೆ, "ನನಗೂ ಆಗ ದಾರಿ ಇರಲಿಲ್ಲ ಬೇಟಾ. ನಿಂಗೆ ಹೇಳಿದ್ನಲ್ಲ, ಒಂದಕ್ಕೆ ಒಂಬೈನೂರು ಕೊಟ್ಟೆ. ಅವತ್ತಿನ ಸಂತೆಯಲ್ಲಿ..."

"ಒಳ್ಳೆ ರೇಟೇ ಕೊಟ್ಟಿದ್ದೀರ," ಅಂದಳು. ಅವ್ವ ಹೇಳಿದ ಮಾತೇ. ಹಾಳೆ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಅವಳು ಪುಸ್ತಕದ ಬಗ್ಗೆ ಚೆನ್ನಾಗಿ ಮಾತಾಡಿದಳು ಅಂತ ಪಕ್ಕದ ಮನೆಯ ಹುಡುಗಿ ಹೇಳಿದಳು. ಆ ಹುಡುಗ ಯಾರು ಅಂತ ಏನಾದರೂ ಹೇಳಿದಳಾ ಅಂತ ಕೇಳಿದೆ. "ಯಾವ ಹುಡುಗ, ಚಾಚಾ?" ಅಂದಳು.

ಸೋಮವಾರ ಬೆಳಿಗ್ಗೆ ಮಗಳು ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ಬಂದು ನಿಂತಳು. ನಾನು ಅಭ್ಯಾಸದಂತೆ ಆಗಲೇ ಕೈ ಚಾಚಿದ್ದೆ. ಅವಳ ವೇಲು ಎರಡೂ ಹೆಗಲ ಮೇಲೆ ಪಿನ್ನು ಹಾಕಿದ ಹಾಗೇ ಇತ್ತು.

"ಅಬ್ಬಾ, ಆಟೋಗೆ ಹದಿನೈದು ರೂಪಾಯಿ ಬೇಕು," ಅಂದಳು, ಅಡುಗೆಮನೆಯಲ್ಲಿದ್ದ ಅವಳಮ್ಮನಿಗೂ ಕೇಳಿಸುವ ಹಾಗೆ.

ಇಪ್ಪತ್ತು ಕೊಟ್ಟೆ. ಅವಳು ಐದು ರೂಪಾಯಿಯ ನಾಣ್ಯ ಹುಡುಕಿ ತೆಗೆದು ಕಿಟಕಿಯ ಮೇಲಿಟ್ಟು ಹೋದಳು.